ಮೂರನೇ ನಂಬರಿನ ಪ್ಲೇಟು

ಇನ್‌ಕ್ಯುಬೇಟರಿನ ಬಾಗಿಲು ತೆಗೆದಾಗ ಮುಖಕ್ಕೆ ಬಂದು ಬಡಿಯುವ ಆ ಬೆಚ್ಚನೆಯ, ತುಸು ಹಳಸಿದ ವಾಸನೆಗೆ ಅವಳು ಹದಿನೆಂಟು ವರ್ಷಗಳಿಂದ ಒಗ್ಗಿಹೋಗಿದ್ದಳು. ಇವತ್ತು ಅದು ಹೊಸದಾಗಿ ಮೂಗಿಗೆ ಹತ್ತಿತು. ಮೇಲಿನ ಎರಡು ಅರೆಗಳಲ್ಲಿ ಆಸ್ಪತ್ರೆಯ ಪ್ಲೇಟುಗಳು, ವಾರ್ಡಿನ ಹೆಸರು, ರೋಗಿಯ ನಂಬರು, ತಾರೀಖು ಎಲ್ಲವನ್ನೂ ಹೊತ್ತುಕೊಂಡು ಶಿಸ್ತಾಗಿ ಕೂತಿದ್ದವು. ಕೆಳಗಿನ ಅರೆಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಅವಳೇ ತುರುಕಿಟ್ಟಿದ್ದ ನಾಲ್ಕು ಪ್ಲೇಟುಗಳ ಮೇಲೆ ಬರೀ ಒಂದು, ಎರಡು, ಮೂರು, ನಾಲ್ಕು ಎಂದಿತ್ತು. ವಯಸ್ಸಿನ ಕ್ರಮದಲ್ಲಿ ಒಂದು ಅತ್ತೆ, ಎರಡು ಗಂಡ, ನಾಲ್ಕು ಮಗಳು. ಮೂರು ಅವಳೇ. ಯಾವ ನಂಬರು ಯಾರದ್ದು ಎಂಬುದು ಅವಳ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಬರೆದಿರಲಿಲ್ಲ. ನಾಲ್ಕು ಮೂಗು, ನಾಲ್ಕು ಪ್ಲೇಟು. ಮೊದಲು ಒಂದನ್ನು ಬೆಳಕಿಗೆ ಹಿಡಿದಳು, ಯಾಕೆಂದರೆ ಇಷ್ಟೆಲ್ಲ ಮಾಡಿದ್ದು ಅದೊಂದಕ್ಕಾಗಿಯೇ. ರೋಗಾಣು ಬೆಳೆಯಲು ಹಾಕುವ, ಉಪ್ಪು ಬೆರೆಸಿದ ಗುಲಾಬಿ ಬಣ್ಣದ ಆ ಪದರ ನಿನ್ನೆ ಬೆಳಿಗ್ಗೆ ಸುರಿದಾಗ ಹೇಗಿತ್ತೋ ಹಾಗೇ ಗುಲಾಬಿಯಾಗಿತ್ತು. ಅಂಚಿನಲ್ಲಿ ಏಳೆಂಟು ಬಿಳಿ ಚುಕ್ಕೆಗಳಿದ್ದವು, ಯಾರ ಚರ್ಮದ ಮೇಲೆ ಹುಡುಕಿದರೂ ಸಿಗುವ ಬಡಪಾಯಿಗಳು. ಅವಳಿಗೆ ನಿರಾಶೆಯಾಯಿತು. ಆಮೇಲೆ ನಿರಾಶೆಯಾದದ್ದಕ್ಕೆ ನಾಚಿಕೆಯಾಯಿತು. ಎರಡು, ಸ್ವಚ್ಛ. ನಾಲ್ಕು, ಸ್ವಚ್ಛ. ಮೂರನ್ನು ಕೈಗೆತ್ತಿಕೊಳ್ಳದೆಯೇ, ಅರೆಯ ಕತ್ತಲಲ್ಲೇ, ಅದು ಹಳದಿಗೆ ತಿರುಗಿರುವುದು ಅವಳಿಗೆ ಕಂಡಿತ್ತು. ಕಂಡಿದ್ದರಿಂದಲೇ ಅದನ್ನು ಕೊನೆಗೆ ಉಳಿಸಿದ್ದಳು.

ಎತ್ತಿ ನೋಡಿದರೆ ಬೆಳೆ ಎಂದರೆ ಬೆಳೆ. ದುಂಡಗೆ, ನುಣ್ಣಗೆ, ಎಣ್ಣೆ ಹಚ್ಚಿದಂತೆ ಹೊಳೆಯುವ ಹೊಂಬಣ್ಣದ ಗುಡ್ಡೆಗಳು, ಒಂದೊಂದರ ಸುತ್ತಲೂ ಗುಲಾಬಿಯನ್ನು ತಿಂದು ಹಳದಿ ಮಾಡಿದ ಪ್ರಭಾವಳಿ. ಬೇರೆ ಯಾರದ್ದೋ ಪ್ಲೇಟಾಗಿದ್ದರೆ ಪಕ್ಕದ ಬೆಂಚಿನವಳನ್ನು ಕರೆದು ತೋರಿಸಿ ಮೆಚ್ಚುತ್ತಿದ್ದಳು. ಹೋದ ವಾರ ಮಗಳ ಕತ್ತಿನ ಕುರು ಕೊಯ್ದಾಗ ತೆಗೆದ ಕೀವಿನಲ್ಲೂ ಇದೇ ಬೆಳೆದಿತ್ತು, ಇದೇ ಬಣ್ಣ, ಇದೇ ಹೊಳಪು. ಒಂದೇ ಕುಲವೋ ಅಲ್ಲವೋ ಎಂದು ಹೇಳಲು ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ಹೋಲಿಸಿ ನೋಡಬೇಕು, ಅದಕ್ಕೆ ನಾಳೆಯವರೆಗೆ ಸಮಯ ಬೇಕು. ನಾಳೆ ಎಂಬ ಪದ ಮನಸ್ಸಿಗೆ ಬಂದದ್ದೇ ಅವಳಿಗೆ ಸ್ವಲ್ಪ ಹಾಯೆನಿಸಿತು. ವಿಜ್ಞಾನ ಅವಸರಪಡುವುದಿಲ್ಲ. ಆದರೆ ಬಸ್ಸು ಇವತ್ತು ಸಂಜೆ ಆರೂವರೆಗೇ ಹೊರಡುತ್ತದೆ.

ಆ ಬಸ್ಸನ್ನು ಗೊತ್ತುಮಾಡಿದವರು ಅತ್ತೆಯೇ. ಮಗಳಿಗೆ ಒಂದು ವರ್ಷದಲ್ಲಿ ನಾಲ್ಕು ಕುರು, ನಾಲ್ಕೂ ಕತ್ತಿನ ಹಿಂದೆ, ಜಡೆ ಮುಚ್ಚುವ ಜಾಗದಲ್ಲಿ. ಮೂರನೆಯದಕ್ಕೇ ಇವಳು ತೀರ್ಮಾನಕ್ಕೆ ಬಂದಿದ್ದಳು: ಮಧ್ಯಾಹ್ನ ಹೊತ್ತು ಮಗುವಿನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಾಡಿಸುವವರು ಯಾರು, ತಮ್ಮ ಟವೆಲಿನಲ್ಲೇ ಅವಳ ತಲೆ ಒರೆಸುವವರು ಯಾರು, ಸೋಪು ಕಂಡರೆ ನೀರೇ ಸಾಕು ಎನ್ನುವವರು ಯಾರು. ಬಾಯಿಬಿಟ್ಟು ಏನೂ ಅಂದಿರಲಿಲ್ಲ, ಆ ಮಟ್ಟಿಗೆ ತಾನು ಸಂಭಾವಿತಳು ಎಂದುಕೊಂಡಿದ್ದಳು. ಬಚ್ಚಲಿನ ಬಾಗಿಲ ಹಿಂದೆ ಬೇರೆ ಮೊಳೆ ಹೊಡೆಸಿ, ಅತ್ತೆಯ ಟವೆಲಿನ ಮೂಲೆಯಲ್ಲಿ ಲ್ಯಾಬಿನ ಕಪ್ಪು ಮಾರ್ಕರಿನಿಂದ 'ಅತ್ತೆ' ಎಂದು ಬರೆದು, ಅಲ್ಲಿ ನೇತುಹಾಕಿದ್ದಳು ಅಷ್ಟೇ. ಸ್ವಾಬಿನ ಕಡ್ಡಿಗಳನ್ನು ಮನೆಗೆ ತಂದದ್ದು ನಾಲ್ಕನೆಯ ಕುರು ಕೊಯ್ದ ಮೇಲೆ, ಮೊನ್ನೆ ರಜೆಯ ದಿನ. ಊಟದ ಮೇಜಿನ ಮುಂದೆ ಅತ್ತೆಯನ್ನು ಕೂರಿಸಿ, "ತಲೆ ಎತ್ತಿ. ಅಲುಗಾಡಬೇಡಿ" ಎಂದು ಕಡ್ಡಿಯನ್ನು ಹೊಳ್ಳೆಯೊಳಗೆ ತಿರುಗಿಸಿದಾಗ ಅವರ ಬಲಗಣ್ಣಿನಿಂದ ನೀರು ಒಂದೇ ಗೆರೆಯಾಗಿ ಕೆನ್ನೆಗಿಳಿಯಿತು.

"ಅಜ್ಜಿ ಅಳ್ತಿದ್ದಾಳೆ!" ಎಂದಳು ಮಗಳು.

"ಅಳು ಅಲ್ಲ ಪುಟ್ಟಿ, ಅದು ಮೂಗಿನ ನರ. ಮುಟ್ಟಿದ್ರೆ ಕಣ್ಣಲ್ಲಿ ನೀರು ಬರತ್ತೆ" ಎಂದು ಇವಳು ಪಾಠ ಹೇಳುವ ದನಿಯಲ್ಲಿ ಹೇಳಿದ್ದಳು.

ಅತ್ತೆ ಸೆರಗಿನಿಂದ ಮೂಗೊತ್ತಿಕೊಂಡು, "ಆಯ್ತಲ್ಲ? ನನ್ನ ಮೂಗಲ್ಲೇ ಇದೆ ಅಂತಾದ್ರೆ ಹೇಳ್ಬಿಡು, ಸಂಕೋಚ ಏನಿಲ್ಲ. ಬುಧವಾರ ಸಂಜೆ ಬಸ್ಸಿಗೆ ಮಗಳ ಮನೆಗೆ ಹೋಗ್ಬಿಡ್ತೀನಿ. ಮಗು ಕತ್ತು ವಾಸಿಯಾದ್ರೆ ಸಾಕು ನಂಗೆ" ಎಂದರು. ಗಂಡ ಪೇಪರಿನ ಹಿಂದಿನಿಂದ "ಅಮ್ಮಾ, ಸುಮ್ನಿರಮ್ಮ" ಎಂದ. ಅವನ ಮಟ್ಟಿಗೆ ಆ ವಿಷಯ ಅಲ್ಲಿಗೆ ಮುಗಿದಿತ್ತು. ಅತ್ತೆ ಸುಮ್ಮನಿರಲಿಲ್ಲ. "ಎಲ್ಲರದ್ದೂ ತೆಗೆದೆ. ನಿಂದು?"

"ನನ್ನದು ಯಾಕೆ ಅತ್ತೆ? ನಾನು ದಿನವಿಡೀ ಮಾಸ್ಕ್ ಹಾಕ್ಕೊಂಡಿರ್ತೀನಿ. ದಿನಕ್ಕೆ ನಲವತ್ತು ಸಲ ಕೈ ತೊಳೀತೀನಿ."

"ತೊಳೆಯೋದು ಕೈಯನ್ನ ತಾನೆ?"

ಮಗಳು ಕಿಸಕ್ಕನೆ ನಕ್ಕಿದ್ದಳು. ಆ ನಗುವನ್ನು ನಿಲ್ಲಿಸುವುದಕ್ಕೋಸ್ಕರವೇ ಅವಳು ಉಳಿದಿದ್ದ ಕಡ್ಡಿಯ ಪೊಟ್ಟಣ ಹರಿದು ಅದನ್ನು ತನ್ನ ಮೂಗಿಗೂ ತುರುಕಿಕೊಂಡದ್ದು. ಒಬ್ಬರನ್ನು ಬಿಟ್ಟರೆ ಪರೀಕ್ಷೆ ಪೂರ್ತಿಯಾಗುವುದಿಲ್ಲ, ಅದೂ ನಿಜ.

ಈಗ ಅವಳು ಮೂರನೇ ಪ್ಲೇಟಿನ ಒಂದು ಗುಡ್ಡೆಯನ್ನು ಲೂಪು ಎಂಬ ತಂತಿಯ ತುದಿಯಿಂದ ಮುಟ್ಟಿ, ರಕ್ತದ ತಿಳಿಯಾದ ಪ್ಲಾಸ್ಮಾ ಇದ್ದ, ಮೂರು ಎಂದು ಬರೆದ ಪುಟ್ಟ ಗಾಜಿನ ಕೊಳವೆಯಲ್ಲಿ ಕಲಕಿದಳು. ಪಕ್ಕದ ಕೊಳವೆಗೆ ಲ್ಯಾಬಿನ ಹಳೆಯ ಮಾದರಿಯನ್ನು ಹಾಕಿದಳು. ಖಚಿತವಾಗಿ ಗೊತ್ತಿರುವ ಒಂದು ರೋಗಾಣು ಪಕ್ಕದಲ್ಲಿ ಕೂತು ಸಾಕ್ಷಿ ಹೇಳದಿದ್ದರೆ ಗೊತ್ತಿಲ್ಲದ್ದನ್ನು ನಂಬುವ ಹಾಗಿಲ್ಲ, ಇದು ಅಲ್ಲಿಯ ಕಟ್ಟುನಿಟ್ಟು. ಎರಡನ್ನೂ ಬಿಸಿನೀರಿನ ತೊಟ್ಟಿಯಲ್ಲಿಟ್ಟು ಗಂಟೆ ನೋಡಿಕೊಂಡಳು. ಬರೀ ನಿರುಪದ್ರವಿಯಾದರೆ ಪ್ಲಾಸ್ಮಾ ನೀರಾಗಿಯೇ ಉಳಿಯುತ್ತದೆ. ಕಿಡಿಗೇಡಿಯಾದರೆ ಹೆಪ್ಪುಗಟ್ಟುತ್ತದೆ. ಇದನ್ನು ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರು ಹೊಸಬರಿಗೆಲ್ಲ ಸಂಭ್ರಮದಿಂದ ವಿವರಿಸುತ್ತಿದ್ದರು. ಏನು ಕೇಳಿದರೂ ಮೊದಲಿನಿಂದ ಶುರುಮಾಡುವ ಅವರಿಗೆ ಮೇಷ್ಟ್ರು ಎಂದೇ ಹೆಸರು. "ಅದಕ್ಕೆ ನಮ್ಮ ಮೇಲೆ ದ್ವೇಷ ಇಲ್ಲಮ್ಮ" ಎನ್ನುತ್ತಿದ್ದರು ಮೇಷ್ಟ್ರು, ತಮ್ಮ ಹತ್ತಿರದ ಸಂಬಂಧಿಯೊಬ್ಬನ ಪರವಾಗಿ ಮಾತಾಡುವ ಹಾಗೆ. "ಅದಕ್ಕೆ ಬೇಕಾಗಿರೋದು ಒಂದಿಷ್ಟು ಊಟ, ಒಂದಿಷ್ಟು ಜಾಗ. ಮೂಗಿನ ಮೂಲೇಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರತ್ತೆ, ಇಟ್ಕೊಂಡೋನಿಗೆ ಒಂದು ಸೀನೂ ಬರಲ್ಲ. ಎಲ್ಲೋ ಚರ್ಮ ಒಂಚೂರು ತರಚಿರಬೇಕು ನೋಡು, ಒಳಗೆ ಬಂತು ಅಂತಲೇ ಲೆಕ್ಕ. ಬಂದು ಮೊದಲು ಅಂಟ್ಕೊಳತ್ತೆ. ನಮ್ಮ ಕಾವಲಿನೋರು ಹಿಡಿಯಕ್ಕೆ ಓಡಿಬರ್ತಾರೆ. ಆಗ ಏನ್ ಮಾಡತ್ತೆ? ನಮ್ಮದೇ ರಕ್ತನ ಹೆಪ್ಪುಗಟ್ಟಿಸಿ, ಅದನ್ನೇ ಗೋಡೆ ಮಾಡ್ಕೊಂಡು ಹಿಂದೆ ಕೂರತ್ತೆ! ಅಲ್ಲಿಂದ ವಿಷ ಉಗುಳತ್ತೆ. ಕಾವಲಿನೋರು ಸಾಯ್ತಾರೆ, ಅವರ ಹೆಣಾನೇ ಕೀವು. ರೋಗ ಅನ್ನೋದು ಅರ್ಧ ಅದರ ಕೆಲಸ, ಇನ್ನರ್ಧ ಅದನ್ನ ಓಡಿಸಕ್ಕೆ ನಾವು ಎಬ್ಬಿಸೋ ರಂಪ." ಇದನ್ನು ಅವಳು ನೂರು ಸಲ ಕೇಳಿದ್ದಳು, ಕೇಳುತ್ತಾ ಆಕಳಿಸಿದ್ದಳು, ಒಮ್ಮೆ ಅತ್ತೆಗೂ ಹೇಳಿದ್ದಳು. ಸದ್ದಿಲ್ಲದೆ ಇಟ್ಟುಕೊಂಡವರು ಎಂಬ ಮಾತು ಬಂದಾಗ ಅತ್ತೆಯ ಮುಖವನ್ನು ಬೇಕೆಂದೇ ನೋಡಿದ್ದಳು.

ಯೋಚನೆ ಬಂದರೆ ಅವಳಿಗೆ ತೋರುಬೆರಳಿನ ಹಿಂಬದಿಯಿಂದ ಮೂಗಿನ ತುದಿ ಉಜ್ಜಿಕೊಳ್ಳುವ ಅಭ್ಯಾಸ. ಈಗಲೂ ಕೈ ಮೇಲೆದ್ದಿತು, ಮಾಸ್ಕಿಗೆ ತಗುಲಿ ನಿಂತಿತು. ಮನೆಯಲ್ಲಿ ಮಾಸ್ಕಿಲ್ಲ. ಬೆಳಿಗ್ಗೆ ಏಳೂ ಹತ್ತರಿಂದ ಏಳೂ ಇಪ್ಪತ್ತರವರೆಗೆ, ದಿನದಲ್ಲಿ ಮಗಳು ಅವಳೊಬ್ಬಳಿಗೇ ಸೇರುವ ಹತ್ತು ನಿಮಿಷ. ಹನ್ನೊಂದು ವರ್ಷದ ಮಗಳು ಸ್ಟೂಲಿನ ಮೇಲೆ ಕೂತು ಶಾಲೆಯ ಸುದ್ದಿ ಹೇಳುತ್ತಾಳೆ, ಇವಳು ಬಾಚಣಿಗೆಯ ಚೂಪು ಹಿಡಿಯಿಂದ ಬೈತಲೆ ತೆಗೆದು, ಅದೇ ಗೆರೆಯನ್ನು ಕತ್ತಿನವರೆಗೆ ಎಳೆದು, ಬಿಗಿಯಾಗಿ ಎರಡು ಜಡೆ ಹೆಣೆಯುತ್ತಾಳೆ. "ಅಮ್ಮಾ, ಗೀರತ್ತೆ!" "ಅಲ್ಲಾಡಿದ್ರೆ ಗೀರದೆ ಇರತ್ತಾ?" ನಡುವೆ ಇವತ್ತು ಯಾವ ವಾರ್ಡಿನದ್ದು ಬಾಕಿ ಎಂದು ಯೋಚನೆ, ನಡುವೆ ಮೂಗಿಗೆ ಬೆರಳು, ಮತ್ತೆ ಜಡೆಗೆ ಬೆರಳು. ಮುಗಿಯಿತು ಎನ್ನುವುದಕ್ಕೆ ಗುರುತಾಗಿ, ಎರಡು ಜಡೆಗಳನ್ನೂ ಪಕ್ಕಕ್ಕೆ ಸರಿಸಿ, ಕತ್ತಿನ ಹಿಂದೆ ಮೂಗು ಒತ್ತಿ ಒಂದು ಮುತ್ತು. ಮಗಳು ಕಚಗುಳಿಯಾಗಿ ಕೂಗುತ್ತಾಳೆ. ವರ್ಷಗಟ್ಟಲೆ, ಒಂದು ದಿನವೂ ತಪ್ಪದೆ, ಆಫೀಸಿನವರು ಕಾಗದಕ್ಕೆ ಸೀಲು ಒತ್ತುವ ಹಾಗೆ, ಅದೇ ಜಾಗಕ್ಕೆ. ತೊಟ್ಟಿಯ ನೀರಿನಲ್ಲಿ ಕೊಳವೆಗಳು ಮೆಲ್ಲಗೆ ಒಂದಕ್ಕೊಂದು ತಾಗಿ ಟಿಣ್ ಎಂದವು. ನಾಲ್ಕನೆಯ ಕುರು ಕೊಯ್ಯುವಾಗ ಮಗು ಹಿಡಿದುಕೊಂಡಿದ್ದು ಅಜ್ಜಿಯ ಕೈಯನ್ನು. ಇವಳು ಅದನ್ನು ನೋಡಿ, ಆ ಕೈ ತೊಳೆದಿದೆಯೋ ಇಲ್ಲವೋ ಎಂದು ಯೋಚಿಸಿದ್ದಳು.

ಹನ್ನೆರಡಕ್ಕೆ ಗಂಡನ ಫೋನು. "ಏನಾಯ್ತು? ಅಮ್ಮ ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ಲು. ಬ್ಯಾಗ್ ಎತ್ತೋದಾ, ಇಳಿಸೋದಾ ಅಂತ ಹೇಳ್ಬಿಡು."

"ಇನ್ನೂ ಪೂರ್ತಿ ಗೊತ್ತಾಗಿಲ್ಲ. ನಾಳೆ ಆಗತ್ತೆ."

"ಬಸ್ಸು ಇವತ್ತು ತಾನೆ?"

"ನಾಳೆ ಅಂದ್ನಲ್ಲ!" ಎಂದು ಗದರಿದಳು. ಅವನು ಪಾಪ, ಬ್ಯಾಗಿನ ವಿಷಯ ಮಾತ್ರ ಕೇಳಿದ್ದ.

ಅವಳು ತಿರುಗಿ ನೋಡುವಷ್ಟರಲ್ಲಿ ಮೇಷ್ಟ್ರು ತೊಟ್ಟಿಯ ಮುಂದೆ ನಿಂತು ಕೊಳವೆಯೊಂದನ್ನು ಓರೆ ಮಾಡಿ ಹಿಡಿದಿದ್ದರು. ಒಳಗಿನದು ಜಾರಲಿಲ್ಲ. ತಲೆಕೆಳಗು ಮಾಡಿದರು. ಆಗಲೂ ಜಾರಲಿಲ್ಲ, ಗಟ್ಟಿಯಾಗಿ ತಳಕ್ಕೆ ಕಚ್ಚಿಕೊಂಡಿತ್ತು. ಪಕ್ಕದ ಹಳೆಯ ಮಾದರಿ ಇನ್ನೂ ನೀರುನೀರಾಗಿ ಅಲ್ಲಾಡುತ್ತಿತ್ತು. "ಎಷ್ಟು ಹೊತ್ತಾಯ್ತಮ್ಮ ಇಟ್ಟು?" "ಒಂದು ಗಂಟೆ ಸಾರ್." "ಒಂದೇ ಗಂಟೆ! ಅಬ್ಬಬ್ಬಾ! ನಮ್ಮ ಹಳೇದು ನೋಡು, ಮುದುಕಪ್ಪ, ಸಂಜೆ ಮಾಡತ್ತೆ. ಇದನ್ನ ಬಿಡಬಾರದು. ಇನ್ನು ಮೇಲೆ ಇದೇ ನಮ್ಮ ಮಾದರಿ. ಫ್ರಿಜ್ಜಲ್ಲಿ ಇಡೋಣ, ತಿಂಗಳಿಗೊಂದ್ಸಲ ಹೊಸ ಊಟ ಕೊಟ್ಟು ಸಾಕೋಣ." ಅವರು ಸೀಸೆ ತೆಗೆದು, ಮಾರ್ಕರಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ಎಳೆದರು. ಹಾಗೆ ಮಾಡಬಾರದೆಂದು ಬೋರ್ಡು ಬರೆಸಿದ್ದವರೂ ಅವರೇ. "ಯಾರದ್ದಿದು? ಮೂರು ಅಂದ್ರೆ ಯಾವ ವಾರ್ಡು?"

ಎಲ್ಲರೂ ಇದ್ದರು. ಪಕ್ಕದ ರಕ್ತಪರೀಕ್ಷೆಯ ಬೆಂಚಿನವಳು ಎದ್ದು ಬಂದಿದ್ದಳು, ಯಾರ ಗುಟ್ಟಾದರೂ ಅವಳ ಕಿವಿಗೆ ಬಿದ್ದರೆ ಊಟದ ಹೊತ್ತಿಗೆ ಮೂರು ಮಹಡಿ ದಾಟುತ್ತಿತ್ತು. ಇವಳ ಹಿಂದಿನ ಗೋಡೆಯ ಮೇಲೆ ಇವಳದ್ದೇ ಕೈಬರಹದ ಕಾಗದವಿತ್ತು: ಮೂಗು ಮುಟ್ಟಬೇಡಿ. ಹೆಪ್ಪಿನ ಗೋಡೆಯ ಹಿಂದೆ ಕೂರುವುದು ಎಷ್ಟು ಸುಲಭವೆಂದು ಅವಳಿಗೆ ಆಗ ಗೊತ್ತಾಯಿತು. ನಿರ್ಧಾರವೇ ಬೇಕಾಗುವುದಿಲ್ಲ, ಬಾಯಿ ತನ್ನಷ್ಟಕ್ಕೆ ಮಾಡಿಬಿಡುತ್ತದೆ.

"ನಮ್ಮತ್ತೇದು ಸಾರ್."

"ಭೇಷ್!" ಎಂದು ಮೇಷ್ಟ್ರು ಸೀಸೆಯ ಮೇಲೆ ದಪ್ಪಗೆ 'ಅತ್ತೆ' ಎಂದು ಬರೆದರು. ರಕ್ತದ ಬೆಂಚಿನವಳು ಬಿದ್ದುಬಿದ್ದು ನಕ್ಕಳು. "ಒಂದು ಗಂಟೇಲಿ ಹೆಪ್ಪುಗಟ್ಟಿಸೋದು ಅಂದ್ರೆ ಅತ್ತೇನೇ ಸರಿ ಬಿಡಿ ಸಾರ್. ನಮ್ಮನೇಲೂ ಒಬ್ರಿದಾರೆ, ನೋಡಿದ್ರೇ ಸಾಕು, ರಕ್ತ ನಿಂತೋಗತ್ತೆ." ಊಟದ ಹೊತ್ತಿಗೆ ಹೆಸರು ನಿಂತೇಬಿಟ್ಟಿತು. "ಅತ್ತೇನ ಫ್ರಿಜ್ಜಲ್ಲಿ ಇಟ್ರಾ?" "ಮೇಲಿನ ಅರೇಲಿ ಇಡಿ, ಇಲ್ದಿದ್ರೆ ಕೋಪ ಮಾಡ್ಕೋತಾರೆ." "ಅತ್ತೆಗೆ ಊಟ ಆಯ್ತಾ?" ಇವಳೂ ನಕ್ಕಳು. ನಗುತ್ತಿರುವಾಗ, ತನ್ನ ಟಿಫನ್ ಡಬ್ಬಿಯಲ್ಲಿದ್ದ ಊಟವನ್ನು ಬೆಳಿಗ್ಗೆ ಆರಕ್ಕೆ ಎದ್ದು ಕಟ್ಟಿಕೊಟ್ಟವರು ಯಾರು ಎಂಬುದು ತುತ್ತಿನ ಜೊತೆಯೇ ನೆನಪಾಯಿತು. ಊರಿಗೆ ಹೊರಡುವ ದಿನವೂ ಡಬ್ಬಿ ತಪ್ಪಿಸಿರಲಿಲ್ಲ ಮುದುಕಿ. ಮುಚ್ಚಳದ ಒಳಗೆ ಎಂದಿನಂತೆ ಮಡಚಿದ ಒಂದು ಬಟ್ಟೆತುಂಡು, ಕೈ ಒರೆಸಿಕೊಳ್ಳಲು. ಒಗೆದು ಒಗೆದು ಮೆತ್ತಗಾದದ್ದು.

ನಾಲ್ಕು ಗಂಟೆಗೆ ಹಳೆಯ ಮಾದರಿಯೂ ಏದುಸಿರು ಬಿಟ್ಟುಕೊಂಡು ಹೆಪ್ಪುಗಟ್ಟಿತು. ಸಾಕ್ಷಿ ಮುಗಿಯಿತು. ಎಲ್ಲರೂ ಟೀಗೆ ಹೋದಾಗ ಅವಳು ಫ್ರಿಜ್ಜಿನಿಂದ ಸೀಸೆ ತೆಗೆದು, ಹತ್ತಿಗೆ ಸ್ಪಿರಿಟ್ ಹಾಕಿ 'ಅತ್ತೆ'ಯನ್ನು ಉಜ್ಜಿದಳು. ಹತ್ತಿ ಕೂಡ ಕಪ್ಪಾಗಲಿಲ್ಲ. ಆಗುವುದು ಹೇಗೆ, ನೀರಿಗೆ, ಸ್ಪಿರಿಟಿಗೆ, ಹಬೆಗೆ ಯಾವುದಕ್ಕೂ ಅಳಿಯದ ಮಾರ್ಕರು ಬೇಕೆಂದು ಹಟ ಹಿಡಿದು ಈ ಲ್ಯಾಬಿಗೆ ಅದನ್ನು ತರಿಸಿದವಳು ಅವಳೇ. ಉಗುರಿನಿಂದ ಕೆರೆದಳು. ಉಗುರು ಸೀಳಿತು. ಕಾರಿಡಾರಿನಲ್ಲಿ ಮೇಷ್ಟ್ರ ಚಪ್ಪಲಿಯ ಸದ್ದು ಕೇಳಿ ಸೀಸೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿದಳು. ಅವರು ಒಳಗೆ ಬಂದವರೇ ಇವಳನ್ನೂ ಫ್ರಿಜ್ಜನ್ನೂ ನೋಡಿ, "ಅತ್ತೆ ಕ್ಷೇಮಾನಾ?" ಎಂದರು.

"ಸಾರ್, ಅದು…" ಎಂದಳು. "ಇವತ್ತು ಒಂದು ಗಂಟೆ ಮುಂಚೆ ಹೋಗಲಾ?"

ಆಸ್ಪತ್ರೆಯ ಔಷಧದ ಅಂಗಡಿಯಲ್ಲಿ ಮೂಗಿಗೆ ಹಚ್ಚುವ ಮುಲಾಮು ಕೇಳಿದಾಗ ಅಲ್ಲಿಯ ಹೆಂಗಸು "ಯಾರಿಗೆ?" ಎಂದು ವಾಡಿಕೆಯಂತೆ ಕೇಳಿದಳು, ವಯಸ್ಸು ಬರೆದುಕೊಳ್ಳುವುದಕ್ಕೆ. "ನನಗೆ" ಎಂದಳು ಇವಳು, ಬೇಕಾದ್ದಕ್ಕಿಂತ ಜೋರಾಗಿ. ಸಾಲಿನಲ್ಲಿ ಹಿಂದೆ ನಿಂತವರು ನೋಡಿದರು. ಅಪರಿಚಿತರ ಮುಂದೆ ಹೇಳುವುದು ಇಷ್ಟು ಸಲೀಸು ಎಂದು ಆಶ್ಚರ್ಯವಾಯಿತು. ಬಸ್ಸಿನಲ್ಲಿ ಕೂತು ಹೇಳಬೇಕಾದ್ದನ್ನು ಒಪ್ಪ ಮಾಡಿಕೊಂಡಳು: ನೋಡಿ ಅತ್ತೆ, ಮೂವರಲ್ಲಿ ಒಬ್ಬರ ಮೂಗಲ್ಲಿ ಇದು ಇದ್ದೇ ಇರುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ. ಎರಡು ನಿಲ್ದಾಣ ಕಳೆದ ಮೇಲೆ ಹೊಳೆಯಿತು: ಯಾರ ತಪ್ಪೂ ಇಲ್ಲ ಎಂಬ ಈ ಮಾತು, ಒಂದನೇ ಪ್ಲೇಟು ಹಳದಿಯಾಗಿದ್ದರೆ ತನ್ನ ಬಾಯಿಗೆ ಬರುತ್ತಿತ್ತೇ? ಬರುತ್ತಿತ್ತು, ಆದರೆ ಮೊಳೆಯ ಮೇಲಿನ ಟವೆಲಿನ ಹಾಗೆ, ಸ್ವಲ್ಪ ದೂರದಲ್ಲಿ ನೇತಾಡಿಕೊಂಡು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಅತ್ತೆ ಹೊರಗೆ ಹೋಗುವ ಸೀರೆಯುಟ್ಟು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಗಳು ಬ್ಯಾಗಿನ ಒಂದು ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು, ಕತ್ತಿನ ಹಿಂದೆ ಪಟ್ಟಿ. ಗಡಿಯಾರ ಐದೂ ಮುಕ್ಕಾಲು. ಕುರ್ಚಿಯ ಬೆನ್ನಿಗೆ ಆ ಟವೆಲು ಒಣಗಲು ಹಾಕಿದ್ದರು, ಕೊನೆಗೆ ಬ್ಯಾಗಿನೊಳಗೆ ಇಡುವುದಕ್ಕೆಂದು.

"ಬಂದ್ಯಾ. ಸರಿ ಹೋಯ್ತು. ಹೇಳದೆ ಹೊರಡೋದು ಹೆಂಗೆ ಅಂತಿದ್ದೆ" ಎಂದು ಅತ್ತೆ ಏಳಲು ಹೋದರು.

ಬಸ್ಸಿನಲ್ಲಿ ಹೊಂದಿಸಿದ್ದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. "ನಿಮ್ಮದಲ್ಲ ಅತ್ತೆ" ಎಂದಳು. "ನಂದು. ನನ್ನ ಮೂಗು. ದಿನಾ ಜಡೆ ಹಾಕ್ತೀನಲ್ಲ, ಬಾಚಣಿಗೇಲಿ ಗೀರಿ, ಮೂಗು ಮುಟ್ಟಿ, ಅದೇ ಕೈಲಿ… ಆಮೇಲೆ ಮುತ್ತು ಬೇರೆ."

ಮಗಳು ಒಂದು ಕೈಯಿಂದ ಕತ್ತಿನ ಪಟ್ಟಿ ಮುಟ್ಟಿಕೊಂಡಳು. "ಹಾಗಾದ್ರೆ ನಾಳೆಯಿಂದ ಜಡೆ ಯಾರು ಹಾಕೋದು?" ಎಂದಳು. ಅವಳಿಗೆ ಅಷ್ಟೇ.

"ಇನ್ನೊಂದಿದೆ" ಎಂದಳು ಇವಳು, ಇನ್ನು ನಿಲ್ಲಿಸಿದರೆ ಮತ್ತೆ ಬರುವುದಿಲ್ಲವೆಂದು. "ಲ್ಯಾಬಲ್ಲಿ ಎಲ್ಲರ ಮುಂದೆ ನಿಮ್ಮದು ಅಂದ್ಬಿಟ್ಟೆ. ಸೀಸೆ ಮೇಲೆ ನಿಮ್ಮ ಹೆಸರು ಹಾಕಿ ಫ್ರಿಜ್ಜಲ್ಲಿಟ್ಟಿದಾರೆ, ಊಟ ಕೊಟ್ಟು ಸಾಕ್ತಾರಂತೆ. ಎಲ್ಲಾ 'ಅತ್ತೆ' 'ಅತ್ತೆ' ಅಂತ ನಗ್ತಿದಾರೆ."

ಅತ್ತೆ ಇವಳನ್ನೇ ನೋಡಿದರು. "ನಾಳೆ ಹೋಗಿ ಅಳಿಸು."

"ಅಳಿಸಕ್ಕೆ ನೋಡ್ದೆ. ಆ ಮಾರ್ಕರು ಅಳಿಯಲ್ಲ."

"ಗೊತ್ತು" ಎಂದರು ಅತ್ತೆ, ಟವೆಲಿನ ಮೂಲೆಯನ್ನು ಬೆರಳಲ್ಲಿ ಮಡಚುತ್ತಾ. "ಒಗೆದು ನೋಡಿದೀನಿ."

ಆ ಮೂಲೆಯಲ್ಲಿ ಬಟ್ಟೆ ತೇಯ್ದು ನೂಲು ಮೇಲೆದ್ದಿತ್ತು. ಎರಡಕ್ಷರ ಮಾತ್ರ ಬರೆದ ದಿನ ಇದ್ದ ಹಾಗೇ ಕಪ್ಪಗಿತ್ತು. ಎಷ್ಟು ಮಧ್ಯಾಹ್ನಗಳು, ಕಲ್ಲಿನ ಮೇಲೆ ಉಜ್ಜಿದ್ದೋ. ಇವಳಿಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಚೀಲದಿಂದ ಮುಲಾಮಿನ ಟ್ಯೂಬು ತೆಗೆದಳು. "ದಿನಕ್ಕೆ ಎರಡು ಸಲ, ಐದು ದಿನ, ಎರಡೂ ಹೊಳ್ಳೆಗೆ ಹಚ್ಕೋಬೇಕು. ಜೊತೆಗೆ ದಿಂಬು, ಟವೆಲ್ಲು ಎಲ್ಲಾ ಬಿಸಿನೀರಲ್ಲಿ. ನಾನು ಹಚ್ಕೋತೀನಿ. ನಾಳೆ ಮೇಷ್ಟ್ರಿಗೂ ನಿಜ ಹೇಳ್ತೀನಿ, ಎಲ್ಲರ ಮುಂದೇನೇ."

"ಹೇಳು. ಹೇಳಿದ್ಮೇಲೂ ಅವರು ಅತ್ತೆ ಅಂತಲೇ ಕರೀತಾರೆ, ನೋಡ್ತಿರು. ಹೋಗ್ಲಿ, ಅಲ್ಲಾದ್ರೂ ಫ್ರಿಜ್ಜಲ್ಲಿಟ್ಟು ಹೊತ್ತು ಹೊತ್ತಿಗೆ ಊಟ ಹಾಕ್ತಾರಂತಲ್ಲ." ಅತ್ತೆ ಬ್ಯಾಗನ್ನು ತೊಡೆಯಿಂದ ನೆಲಕ್ಕಿಳಿಸಿದರು. "ಕೊಡಿಲ್ಲಿ ಅದನ್ನ. ಕನ್ನಡಿ ನೋಡ್ಕೊಂಡು ಹಚ್ಕೊಂಡ್ರೆ ಅರ್ಧ ಮೀಸೆಗೆ ಹೋಗತ್ತೆ. ಪುಟ್ಟಿ, ಹತ್ತಿ ಸುತ್ತಿದ ಕಡ್ಡಿ ತಗೊಂಬಾ. ಮೊದಲು ಕೈ ತೊಳ್ಕೋತೀನಿ, ತಡಿ. ಸೋಪು ಹಾಕೇ ತೊಳೀತೀನಮ್ಮ, ನೋಡ್ಬೇಡ ಹಂಗೆ."

"ಬಸ್ಸು?" ಎಂದಳು ಇವಳು.

"ಐದು ದಿನ ಅಂದ್ಯಲ್ಲ. ಐದು ದಿನ ನೀನು ಆ ಮಗು ತಲೆ ಮುಟ್ಟೋ ಹಾಗಿಲ್ಲ. ಜಡೆ ಯಾರು ಹಾಕ್ತಾರೆ, ನಿನ್ನ ಗಂಡನಾ? ಬಸ್ಸಿನ ವಿಷಯ ಆಮೇಲೆ ನೋಡೋಣ. ಕೂತ್ಕೋ."

ಅವಳು ಅದೇ ಕುರ್ಚಿಯಲ್ಲಿ ಕೂತಳು. ಬೆನ್ನಿಗೆ ಟವೆಲಿನ ಒದ್ದೆ ತಾಗಿತು. ಅತ್ತೆಯ ಕೈ ಗದ್ದವನ್ನು ಹಿಡಿದೆತ್ತಿತು, ಸೋಪಿನ ವಾಸನೆಯ, ಒರಟಾದ, ತಣ್ಣಗಿನ ಕೈ.

"ತಲೆ ಎತ್ತು. ಅಲುಗಾಡಬೇಡ."

ಕಡ್ಡಿ ಒಳಗೆ ತಿರುಗಿತು, ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚೇ ತಿರುಗಿತು. ಸೂರು, ದೀಪದ ಬಲ್ಬು, ಮೇಲಿಂದ ಬಗ್ಗಿದ ಅತ್ತೆಯ ಮುಖ ಎಲ್ಲವೂ ನೀರಿನೊಳಗೆ ಮುಳುಗಿದ ಹಾಗೆ ಅಲ್ಲಾಡಿದವು.

"ಅಜ್ಜೀ, ಅಮ್ಮ ಅಳ್ತಿದ್ದಾಳೆ!"

"ಅಳು ಅಲ್ಲ ಪುಟ್ಟಿ" ಎಂದರು ಅತ್ತೆ, ಟ್ಯೂಬಿನಿಂದ ಕಡ್ಡಿಯ ತುದಿಗೆ ಇನ್ನಷ್ಟು ಹಿಂಡಿಕೊಳ್ಳುತ್ತಾ. "ಅದು ಮೂಗಿನ ನರ. ಎಲ್ಲಿ, ಇನ್ನೊಂದು ಹೊಳ್ಳೆ ಕೊಡು."